ಹೊಸ್ತಿಲ ನೀರು

ಬೆಂಗಳೂರಿನಲ್ಲಿ ಪುಟ್ಟೇನಹಳ್ಳಿ ಎಂಬ ಹೆಸರಿನ ಊರುಗಳು ಎರಡುಂಟು. ದಕ್ಷಿಣದಲ್ಲಿ ಜಯಪ್ರಕಾಶನಗರದ ಮಗ್ಗುಲಿಗಿರುವುದು ಒಂದು. ಉತ್ತರದಲ್ಲಿ, ಯಲಹಂಕದಿಂದ ದೊಡ್ಡಬಳ್ಳಾಪುರದತ್ತ ಸಾಗುವ ಮಾರ್ಗಕ್ಕೆ ಸಮೀಪವಾಗಿ, ತನ್ನದೇ ಆದ ಕೆರೆಯೊಂದನ್ನು ಮಡಿಲಲ್ಲಿಟ್ಟುಕೊಂಡಿರುವುದು ಇನ್ನೊಂದು. ಈ ಬರಹದ ವಿಷಯವು ನನಗೆ ಹೊಳೆದದ್ದು ಎರಡನೆಯ ಪುಟ್ಟೇನಹಳ್ಳಿಯ ಕೆರೆಯ ಏರಿಯ ಮೇಲೆ. 2015ರಲ್ಲಿ ಸರ್ಕಾರವು ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಿದ ಆ ಕೆರೆಯ ಬಳಿ, ರಾತ್ರಿಯ ಮಳೆ ನಿಂತು ಬಿಸಿಲು ಮೂಡುವ ಹೊತ್ತಿನಲ್ಲಿ ನಿಂತವನಿಗೆ, ಹಾರುವ ವಸ್ತುಗಳ ಎರಡು ಕುಲಗಳು ಏಕಕಾಲದಲ್ಲಿ ಗೋಚರಿಸುತ್ತವೆ: ನೀರಿನ ನಡುವಣ ಒಣಮರದ ಮೇಲೆ ರೆಕ್ಕೆಗಳನ್ನು ಅಗಲವಾಗಿ ಬಿಚ್ಚಿ ಬಿಸಿಲಿಗೊಡ್ಡಿ ಕುಳಿತ ನೀರುಕಾಗೆಗಳು ಒಂದು ಕಡೆ; ಈಶಾನ್ಯದ ವಾಯುನೆಲೆಯಿಂದಲೋ, ದಕ್ಷಿಣಕ್ಕಿರುವ ಜಕ್ಕೂರಿನ ಹಾರಾಟದ ಮೈದಾನದಿಂದಲೋ ಮೇಲೆದ್ದು ಮೋಡದ ಅಂಚನ್ನು ಸವರಿಕೊಂಡು ಹೋಗುವ ವಿಮಾನಗಳು ಮತ್ತೊಂದು ಕಡೆ. ನೀರುಕಾಗೆಯ ಗರಿಗಳು ನೀರಿನಲ್ಲಿ ನೆನೆಯತಕ್ಕವು. ನೆನೆದುದನ್ನು ಒಣಗಿಸಿಕೊಳ್ಳದೆ ಅದು ಸುಖವಾಗಿ ಹಾರಲಾರದು. ಅದೇ ಬೆಳಗಿನಲ್ಲಿ ಹ್ಯಾಂಗರಿನ ಮುಂದೆ ಸಣ್ಣ ವಿಮಾನವೊಂದರ ಎರಡೂ ಬಾಗಿಲುಗಳನ್ನು ತೆರೆದಿಟ್ಟು, ಆಸನದ ಮೆತ್ತೆಗಳನ್ನು ಹೊರಗೆ ತೆಗೆದು ಬಿಸಿಲಿಗೆ ಹಾಕುವ ಮೆಕ್ಯಾನಿಕ್ಕನೂ ಆ ಹಕ್ಕಿಯ ಕೆಲಸವನ್ನೇ ಮಾಡುತ್ತಿರುತ್ತಾನೆ.

ವಿಮಾನದ ಚರಿತ್ರೆಯನ್ನು ಬರೆದವರೆಲ್ಲರೂ ರೆಕ್ಕೆಯನ್ನು ಕುರಿತು ಬರೆದಿದ್ದಾರೆ, ಎಂಜಿನ್ನನ್ನು ಕುರಿತು ಬರೆದಿದ್ದಾರೆ, ಹಾರಿದ ಧೀರರನ್ನು ಕುರಿತು ಬರೆದಿದ್ದಾರೆ. ಬಾಗಿಲಿನ ವಿಚಾರವಾಗಿ ಬರೆದವರು ವಿರಳ. ಆದರೆ ವಿಮಾನವನ್ನು ಕೈಯಾರೆ ಕಟ್ಟಿದವನನ್ನೋ, ಮಳೆಗಾಲದಲ್ಲಿ ಅದನ್ನು ಕಾಪಾಡಿದವನನ್ನೋ ಕೇಳಿದರೆ, ಯಂತ್ರದ ಆಯುಸ್ಸನ್ನು ಸದ್ದಿಲ್ಲದೆ ತಿನ್ನುವ ಶತ್ರುವು ಬಾಗಿಲಿನ ಸಂದಿನಿಂದಲೇ ಒಳಗೆ ಬರುತ್ತದೆಂದು ಅವನು ಹೇಳಿಯಾನು. ರೆಕ್ಕೆಯು ಒಂದೇ ಮೈಯಾಗಿ ಮುಚ್ಚಿಕೊಂಡಿರುವಂಥದು; ಬಾಗಿಲಾದರೋ ಗಟ್ಟಿಯಾದ ಗೋಡೆಯಲ್ಲಿ ನಾವೇ ಬೇಕೆಂದು ಕೊರೆದ ರಂಧ್ರ. ಅದಕ್ಕೆ ದಾರವಂದವುಂಟು, ಬಿಜಾಗರಿಯುಂಟು, ಚಿಲಕವುಂಟು, ಹೊಸ್ತಿಲುಂಟು. ಮನೆಯ ಬಾಗಿಲಿಗೆ ಮೇಲೆ ಸೂರು ಇರುವುದರಿಂದ ಮಳೆಯು ಅದರ ತಂಟೆಗೆ ಬರುವುದು ಅಪರೂಪ, ವಿಮಾನದ ಬಾಗಿಲಿಗೆ ಆ ಭಾಗ್ಯವಿಲ್ಲ.

ನೀರಿನ ವಿಷಯದಲ್ಲಿ ನಮ್ಮ ಈ ಬಯಲುಸೀಮೆಯ ಹಿರಿಯರು ಕಂಡುಕೊಂಡಿದ್ದ ಒಂದು ತಿಳಿವಳಿಕೆಯನ್ನು ಇಲ್ಲಿಯೇ ಹೇಳಿಬಿಡುವುದು ಉಚಿತ. ದೊಡ್ಡ ನದಿಯಿಲ್ಲದ ಈ ನಾಡಿನಲ್ಲಿ ಕೆರೆಗಳನ್ನು ಕಟ್ಟಿದವರು ಏರಿಯನ್ನು ಎಷ್ಟು ಬಲವಾಗಿ ಕಟ್ಟಿದರೋ ಅಷ್ಟೇ ಎಚ್ಚರದಿಂದ ಕೋಡಿಯನ್ನೂ ತೂಬನ್ನೂ ಕಟ್ಟಿದರು. ಕೋಡಿಯಿಲ್ಲದ ಕೆರೆಯು ಮೊದಲ ಹೆಮ್ಮಳೆಗೇ ಒಡೆಯುತ್ತದೆ. ಯಲಹಂಕದ ಕೆರೆ ತುಂಬಿ ಜಕ್ಕೂರಿನ ಕೆರೆಗೆ, ಜಕ್ಕೂರಿನದು ತುಂಬಿ ರಾಚೇನಹಳ್ಳಿಯ ಕೆರೆಗೆ ಹರಿಯುವ ಸರಪಣಿಯು ಇಂದಿಗೂ ಕಣ್ಣಿಗೆ ಕಾಣುವ ನಿದರ್ಶನ. ನೀರು ಬಂದೇ ಬರುತ್ತದೆ ಎಂಬುದನ್ನು ಒಪ್ಪಿಕೊಂಡು, ಬಂದ ನೀರು ಎಲ್ಲಿ ನಿಲ್ಲಬೇಕು, ಎಲ್ಲಿಂದ ಹೊರಡಬೇಕು ಎಂಬುದನ್ನು ಮೊದಲೇ ನಿರ್ಣಯಿಸುವುದು ಆ ವಿದ್ಯೆಯ ಸಾರ. ಅದನ್ನು ದಿನದಿನವೂ ನೋಡಿಕೊಳ್ಳುತ್ತಿದ್ದವನು ಹಳ್ಳಿಯ ನೀರುಗಂಟಿ. ಈ ಸೀಮೆಯಲ್ಲಿ ವಿಮಾನದ ಬಾಗಿಲಿಗೆ ಸಂಬಂಧಿಸಿದ ಕುಶಲತೆಯ ಚರಿತ್ರೆಯನ್ನು ನೋಡುತ್ತ ಹೋದಂತೆ, ವಿಮಾನ ಕಟ್ಟುವವರೂ ಇದೇ ನಿರ್ಣಯಕ್ಕೆ, ಬಹಳ ಕಷ್ಟಪಟ್ಟು, ಬಂದು ಸೇರಿದರೆಂಬುದು ನನ್ನ ಅಭಿಪ್ರಾಯ.

ಮೊದಮೊದಲಿಗೆ ಬಾಗಿಲೇ ಇರಲಿಲ್ಲ. 1911ರಲ್ಲಿ ಬೆಲ್ಜಿಯಂ ದೇಶದ ಜೂಲ್ ಟಿಕ್ ಎಂಬ ವೈಮಾನಿಕನು ಬೆಂಗಳೂರಿನ ಜನಕ್ಕೆ ಹಾರಾಟವನ್ನು ತೋರಿಸಿದ ಕಾಲದಲ್ಲಿ, ಹಾರುವವನು ಗಾಳಿಗೂ ಬಿಸಿಲಿಗೂ ಮೈಯೊಡ್ಡಿ ಕೂರುತ್ತಿದ್ದನಾದ್ದರಿಂದ, ಮಳೆ ಬಂದರೆ ಹಾರಾಟವೇ ನಿಲ್ಲುತ್ತಿದ್ದಿತು. ಬಾಗಿಲಿನ ಪ್ರಶ್ನೆಯು ನಮ್ಮೂರಿಗೆ ಬಂದದ್ದು ಮುಚ್ಚಿದ ವಿಮಾನಗಳೊಡನೆ, ಎಂದರೆ 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದರ ಸಾಹಸದಿಂದಲೂ, ದಿವಾನ್ ಮಿರ್ಜಾ ಇಸ್ಮಾಯಿಲರ ಕಾಲದ ಮೈಸೂರು ಸರ್ಕಾರದ ನೆರವಿನಿಂದಲೂ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯು ಸ್ಥಾಪಿತವಾದ ಮೇಲೆ. ಮರುವರ್ಷವೇ ಅಲ್ಲಿ ಹಾರ್ಲೋ ಎಂಬ ಅಮೆರಿಕದ ತರಬೇತಿ ವಿಮಾನವು ಜೋಡಣೆಯಾಗಿ ಹಾರಿತು. 1942ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವೈಮಾನಿಕ ಎಂಜಿನಿಯರಿಂಗ್ ವಿಭಾಗವು ಆರಂಭವಾಯಿತು. ಅಷ್ಟರೊಳಗೆ ಯುದ್ಧವು ಪೂರ್ವದ ಬಾಗಿಲಿಗೇ ಬಂದುಬಿಟ್ಟುದರಿಂದ, ಕಾರ್ಖಾನೆಯು ಹೊಸ ವಿಮಾನ ಕಟ್ಟುವುದನ್ನು ಬದಿಗಿಟ್ಟು ಅಮೆರಿಕದ ಸೇನೆಯ ವಿಮಾನಗಳ ದುರಸ್ತಿಯ ಕೇಂದ್ರವಾಯಿತು.

ಆ ದುರಸ್ತಿಯ ದಿನಗಳಲ್ಲಿ ಒಂದು ವಿಚಿತ್ರ ದೃಶ್ಯವನ್ನು ಬೆಂಗಳೂರು ಕಂಡಿತು. ಕ್ಯಾಟಲೀನಾ ಎಂಬ ದೋಣಿವಿಮಾನಗಳು ಸಮುದ್ರದಿಂದ ಇಷ್ಟು ದೂರದ, ಮೂರು ಸಾವಿರ ಅಡಿ ಎತ್ತರದ ಈ ಪ್ರಸ್ಥಭೂಮಿಗೆ ಬಂದು, ಬೆಳ್ಳಂದೂರು ಕೆರೆಯ ನೀರಿನ ಮೇಲೆ ಇಳಿದು, ದಡಕ್ಕೆ ಎಳೆಯಲ್ಪಟ್ಟು, ಕಾರ್ಖಾನೆಯ ಕೈಗೆ ಸಿಕ್ಕುತ್ತಿದ್ದವು. ರೈತರ ಗದ್ದೆಗಳಿಗೆ ತೂಬಿನಿಂದ ನೀರು ಬಿಡುತ್ತಿದ್ದ ಕೆರೆಯು ವಿಮಾನ ನಿಲ್ದಾಣವೂ ಆದ ಇಂಥ ಉದಾಹರಣೆ ನಮ್ಮ ದೇಶದಲ್ಲಿ ಬಹಳ ಇರಲಾರದು. ದೋಣಿವಿಮಾನವನ್ನು ಕಟ್ಟುವವನಿಗೆ ನೀರಿನ ವಿಷಯದಲ್ಲಿ ಭ್ರಮೆಗಳಿರುವುದಿಲ್ಲ. ಆ ವಿಮಾನದ ಒಡಲನ್ನು ಅಡ್ಡಗೋಡೆಗಳಿಂದ ಕೋಣೆಕೋಣೆಯಾಗಿ ಭಾಗಿಸಿ, ಒಂದು ಕೋಣೆಗೆ ನೀರು ನುಗ್ಗಿದರೂ ಮುಂದಿನದಕ್ಕೆ ಹಾಯದಂತೆ ನಡುವಣ ಬಾಗಿಲುಗಳನ್ನು ನೀರುಬಿಗಿಯಾಗಿ ಮಾಡಿದ್ದರು. ಇಷ್ಟಾದರೂ ತಳದಲ್ಲಿ ನೀರು ಸೇರುವುದೆಂದು ತಿಳಿದೇ ಇದ್ದುದರಿಂದ, ಅದನ್ನು ಹೊರಹಾಕುವ ಏರ್ಪಾಡುಗಳನ್ನೂ ಇರಿಸಿದ್ದರು. ದಡ ಸೇರಿದ ದೋಣಿವಿಮಾನದ ತಳದ ಬಿರಡೆಯನ್ನು ಬಿಚ್ಚಿ ನೀರನ್ನು ಇಳಿಸುವುದು ಅಂಥ ಯಂತ್ರಗಳ ಆರೈಕೆಯ ಮೊದಲ ಪಾಠ. ಕೆರೆಯ ತೂಬಿಗೂ ಬಿರಡೆಯೇ ಇರುತ್ತದೆಂಬುದನ್ನು ಹಳ್ಳಿಯವರಿಗೆ ಹೇಳಿಕೊಡಬೇಕಾಗಿಲ್ಲ.

ಮರದ ವಿಮಾನಗಳ ಕಥೆ ಇದಕ್ಕಿಂತ ಕಹಿಯಾದುದು. ಮಾಸ್ಕಿಟೋ ಎಂಬ ಬ್ರಿಟಿಷ್ ಯುದ್ಧವಿಮಾನವು ಪದರಮರದಿಂದ ಅಂಟಿಸಿ ಕಟ್ಟಿದುದು. 1944ರ ಅಂತ್ಯಭಾಗದಲ್ಲಿ ಭಾರತ ಮತ್ತು ಬರ್ಮಾದ ಕಡೆ ಅದರ ರೆಕ್ಕೆಗಳು ಗಾಳಿಯಲ್ಲಿಯೇ ಬಿಟ್ಟುಕೊಂಡ ಅವಘಡಗಳು ನಡೆದು, ಹಾರಾಟವನ್ನು ಕೆಲಕಾಲ ತಡೆಹಿಡಿಯಬೇಕಾಯಿತು. ದೋಷವು ಅಂಟಿನದೋ, ಜೋಡಿಸಿದ ಕೈಯದೋ, ಇಲ್ಲಿಯ ಸೆಕೆ ಮತ್ತು ತೇವದ್ದೋ ಎಂದು ದೀರ್ಘವಾದ ವಿಚಾರಣೆ ನಡೆಯಿತು. ಹಾಲಿನ ಕೇಸಿನ್ನಿನಿಂದ ತಯಾರಾದ ಹಳೆಯ ಅಂಟು ತೇವದಲ್ಲಿ ಮೆತ್ತಗಾಗಿ ಬೂಷ್ಟು ಹಿಡಿಯತಕ್ಕದ್ದೆಂಬುದು ಬಡಗಿಗಳಿಗೆ ಗೊತ್ತಿದ್ದ ಮಾತೇ ಆಗಿದ್ದಿತು. ಯುದ್ಧಾನಂತರ, 1950ರ ದಶಕದಲ್ಲಿ, ಹಿಂದೂಸ್ತಾನ್ ಕಾರ್ಖಾನೆಯಲ್ಲಿ ತಯಾರಾದ ವ್ಯಾಂಪೈರ್ ಜೆಟ್ ವಿಮಾನದ ಮುಂಭಾಗದ ಒಡಲು ಕೂಡ ಪದರಮರ ಮತ್ತು ಬಾಲ್ಸಾ ಮರದ್ದೇ. ಜೆಟ್ ಯುಗದ ವಿಮಾನದೊಳಗೆ ಬಡಗಿಯ ಕೆಲಸವು ಉಳಿದುಕೊಂಡಿದ್ದ ಆ ಕಾಲದ ಬಗೆಗೆ ನನಗೆ ಗೌರವವುಂಟು.

ನನ್ನ ವಿಷಯದ ಹೃದಯಸ್ಥಾನದಲ್ಲಿರುವುದು ಪುಷ್ಪಕ. ಅದೇ ಕಾರ್ಖಾನೆಯಲ್ಲಿ ವಿಷ್ಣು ಮಾಧವ ಘಾಟಗೆಯವರ ನೇತೃತ್ವದಲ್ಲಿ ರೂಪುಗೊಂಡು 1958ರ ಸೆಪ್ಟೆಂಬರ್ 28ರಂದು ಮೊದಲು ಹಾರಿದ ಈ ಪುಟ್ಟ ವಿಮಾನದ ನೂರೈವತ್ತಕ್ಕೂ ಮಿಕ್ಕ ಪ್ರತಿಗಳು ತಯಾರಾಗಿ, ದೇಶದ ಫ್ಲೈಯಿಂಗ್ ಕ್ಲಬ್ಬುಗಳಿಗೆಲ್ಲ ಹಂಚಿಹೋದುವು. 90 ಅಶ್ವಶಕ್ತಿಯ ಎಂಜಿನ್ನು, ಪಕ್ಕಪಕ್ಕದ ಎರಡು ಆಸನ, ತಲೆಯ ಮೇಲೆ ರೆಕ್ಕೆ, ಬಾಲದಡಿಯಲ್ಲಿ ಸಣ್ಣ ಚಕ್ರ. ಉಕ್ಕಿನ ಕೊಳವೆಗಳನ್ನು ಬೆಸೆದು ಮಾಡಿದ ಎಲುಬಿನ ಹಂದರದ ಮೇಲೆ ಬಟ್ಟೆಯ ಹೊದಿಕೆ. ಮನೆಯ ಕೊಟ್ಟಿಗೆಯಲ್ಲಿ ವಿಮಾನ ಕಟ್ಟುವ ಹವ್ಯಾಸಿಗಳು ಅಮೆರಿಕದಲ್ಲಾಗಲಿ ಇಂಗ್ಲೆಂಡಿನಲ್ಲಾಗಲಿ ದಶಕಗಳ ಕಾಲ ಅನುಸರಿಸಿದ ರಚನಾಕ್ರಮವೂ ಇದೇ ಆದ್ದರಿಂದ, ಪುಷ್ಪಕವನ್ನು ಬಲ್ಲವನು ಆ ಹವ್ಯಾಸಿಯ ಕಷ್ಟಗಳನ್ನೆಲ್ಲ ಬಲ್ಲನೆಂದೇ ಹೇಳಬೇಕು.

ಇಂಥ ವಿಮಾನವು ಸೆಪ್ಟೆಂಬರಿನ ಒಂದು ರಾತ್ರಿ ಬಯಲಿನಲ್ಲಿ ನಿಂತಿದೆಯೆಂದು ಭಾವಿಸೋಣ. ಬೆಂಗಳೂರಿಗೆ ವರ್ಷದಲ್ಲಿ ಬೀಳುವ ಸುಮಾರು 970 ಮಿಲಿಮೀಟರ್ ಮಳೆಯಲ್ಲಿ ಅತ್ಯಧಿಕ ಪಾಲು ಆ ತಿಂಗಳದ್ದೇ. ಬಾಲವು ನೆಲಕ್ಕೆ ತಾಗಿ ಮೂಗು ಮೇಲಕ್ಕೆತ್ತಿರುವುದರಿಂದ, ಮುಂಗಾಜಿನ ಮೇಲೆ ಬಿದ್ದ ನೀರು ಗಾಜಿನ ಅಂಚನ್ನು ಹಿಡಿದು ಹಿಂದಕ್ಕೆ ಹರಿದು, ಬಾಗಿಲಿನ ಮುಂಗಂಬದ ಸಂದಿಗೆ ಬರುತ್ತದೆ. ರೆಕ್ಕೆಯ ಬುಡದಿಂದ ಇಳಿದ ನೀರು ಬಾಗಿಲಿನ ಮೇಲಂಚಿಗೆ ಬರುತ್ತದೆ. ಅಲ್ಲಿ ಕಿರುಬೆರಳಿನಷ್ಟು ಅಗಲದ ಒಂದು ಸೂರುಪಟ್ಟಿಯನ್ನು ಓರೆಯಾಗಿ ಕೂರಿಸಿದ್ದರೆ ಅದು ನೀರನ್ನು ಹಿಡಿದು ಬಾಗಿಲಿನ ಹಿಂದಕ್ಕೆ ಸಾಗಿಸೀತು. ಇಲ್ಲವಾದರೆ ನೀರು ರಬ್ಬರಿನ ಸೀಲಿನ ಮೂಲೆಯನ್ನು ಹುಡುಕಿಕೊಂಡು ಒಳಗಿಳಿಯುತ್ತದೆ. ಒಳಗಿಳಿದುದು ಹೊಸ್ತಿಲ ತೋಡಿನಲ್ಲಿ ನಿಂತು, ಅದರ ಹಿಂಬದಿಯ ಮೂಲೆಗೆ ಸರಿಯುತ್ತದೆ, ಏಕೆಂದರೆ ನಿಂತ ವಿಮಾನದಲ್ಲಿ ತಗ್ಗಿರುವುದು ಹಿಂದೆ. ಬೆಳಿಗ್ಗೆ ವಿಮಾನವು ಹಾರಿ ಮೈಯನ್ನು ಸಮನಾಗಿಸಿಕೊಂಡೊಡನೆ ಅದೇ ನೀರು ಮುಂದಕ್ಕೆ ಹರಿದು ಇನ್ನೊಂದು ಮೂಲೆಯನ್ನು ಸೇರುತ್ತದೆ. ಒಂದೇ ಹೊಸ್ತಿಲಿಗೆ ಎರಡು ತಗ್ಗುಗಳು! ಆದಕಾರಣ ನೀರಿಳಿಯುವ ರಂಧ್ರಗಳೂ ಎರಡು ಬೇಕು. ಹವ್ಯಾಸಿ ನಿರ್ಮಾಪಕರು ತಪ್ಪುವುದು ಬಹುತೇಕ ಇಲ್ಲಿಯೇ. ಮೇಜಿನ ಮೇಲಿಟ್ಟ ನಕ್ಷೆಯಲ್ಲಿ ವಿಮಾನವು ಸದಾ ಸಮನಾಗಿ ಹಾರುತ್ತಿರುತ್ತದೆ, ನಿಂತಿರುವುದೇ ಇಲ್ಲ.

ರಂಧ್ರದ ಅಳತೆಯಲ್ಲಿಯೂ ಸೂಕ್ಷ್ಮವುಂಟು. ತೀರ ಕಿರಿದಾದರೆ ನೀರು ತನ್ನ ಮೇಲ್ಮೈಯ ಬಿಗಿತದಿಂದಲೇ ಅದರ ಬಾಯಲ್ಲಿ ಗುಳ್ಳೆಯಾಗಿ ನಿಂತು ಇಳಿಯದೆ ಹೋಗುತ್ತದೆ, ಒಂದು ಹುಲ್ಲಿನ ಎಸಳೂ ಅದನ್ನು ಮುಚ್ಚಿಬಿಡುತ್ತದೆ. ಸುಮಾರು 6ರಿಂದ 9 ಮಿಲಿಮೀಟರ್ ವ್ಯಾಸವಿದ್ದರೆ ಕೆಲಸಕ್ಕೆ ಬರುತ್ತದೆ. ಬಟ್ಟೆಯ ಹೊದಿಕೆಯಲ್ಲಿ ಬರಿಯ ತೂತು ಕೊರೆದರೆ ಅಂಚು ಹರಿಯುವುದರಿಂದ, ಗ್ರೊಮೆಟ್ ಎಂಬ ಉಂಗುರವನ್ನು ಅಂಟಿಸಿ ಅದರೊಳಗೆ ತೂತು ಮಾಡುತ್ತಾರೆ. ಹಿಂದಕ್ಕೆ ಬಾಯಿಮಾಡಿದ ಸಣ್ಣ ಮುಸುಕನ್ನು ಅದಕ್ಕೆ ತೊಡಿಸಿದರೆ, ಹಾಯುವ ಗಾಳಿಯೇ ಒಳಗಣ ತೇವವನ್ನು ಹೀರಿ ತೆಗೆಯುತ್ತದೆ. ಆ ಮುಸುಕನ್ನು ಅಜಾಗರೂಕತೆಯಿಂದ ಮುಂದಕ್ಕೆ ತಿರುಗಿಸಿ ಅಂಟಿಸಿದರೋ, ಅದೇ ಗಾಳಿಯು ನೀರನ್ನೂ ಧೂಳನ್ನೂ ಒಳಕ್ಕೆ ತುಂಬುತ್ತದೆ. ಎಂಜಿನ್ನಿನ ಹೊಗೆಯೂ ಒಳಗೆ ಬಂದೀತು, ಅದರಲ್ಲಿರುವ ವಿಷಾನಿಲಕ್ಕೆ ವಾಸನೆಯಿಲ್ಲ.

ಹೊಸ್ತಿಲಿನ ಕೆಳಗೆ ಹಾಯ್ದಿರುವ ಉಕ್ಕಿನ ಕೊಳವೆಯು ಈ ನೀರಿನ ನಿಜವಾದ ಬಲಿ. ಹತ್ತುವವರ ಕಾಲಿನ ಮಣ್ಣು, ನೆನೆದ ಕಂಬಳಿ, ಹೀರಿಕೊಂಡುದನ್ನು ಬಿಡದ ಸ್ಪಂಜು, ಇವುಗಳ ಅಡಿಯಲ್ಲಿ ಅದು ವರ್ಷಗಟ್ಟಲೆ ತೇವದಲ್ಲಿದ್ದು, ಹೊರಗೆ ಬಣ್ಣ ಚೆನ್ನಾಗಿಯೇ ಕಾಣುತ್ತಿದ್ದಾಗ ಒಳಗೊಳಗೇ ತುಕ್ಕು ತಿಂದು ಕಾಗದದಂತಾಗಿಬಿಡುತ್ತದೆ. ಅದಕ್ಕಾಗಿ ಬಿಸಿಮಾಡಿದ ಅಗಸೆ ಎಣ್ಣೆಯನ್ನು ಕೊಳವೆಯೊಳಗೆ ಹೊಯ್ದು, ಸುತ್ತಲೂ ಹರಡುವಂತೆ ತಿರುಗಿಸಿ, ಮಿಕ್ಕುದನ್ನು ಬಸಿದು, ಬಾಯನ್ನು ಮುಚ್ಚುವುದು ಹಿಂದಿನ ರೂಢಿ. ಬಟ್ಟೆಗೆ ಬಳಿಯುವ ಡೋಪ್ ಎಂಬ ಲೇಪವನ್ನೂ ಮಳೆಗಾಲದಲ್ಲಿ ಬಳಿಯಲು ಅನುಭವಸ್ಥರು ಒಪ್ಪುತ್ತಿರಲಿಲ್ಲ. ಅದರ ದ್ರಾವಕವು ಬೇಗನೆ ಆರುವಾಗ ಮೈಯನ್ನು ತಣ್ಣಗಾಗಿಸುವುದರಿಂದ, ಗಾಳಿಯ ತೇವವು ಅದರ ಮೇಲೆ ಇಬ್ಬನಿಯಾಗಿ ಕೂತು, ಲೇಪವು ಬೂದಿಯಂತೆ ಬಿಳಿಚಿಕೊಂಡು ಬಲಗೆಡುತ್ತದೆ.

ಹಾರುವಾಗಿನ ಮಳೆಯು ನಿಂತಾಗಿನ ಮಳೆಯಂತಲ್ಲ. ಉಬ್ಬಿದ ಮಾಡಿನ ಮೇಲೆಯೂ ಬದಿಗಳ ಮೇಲೆಯೂ ಗಾಳಿಯು ವೇಗವಾಗಿ ಸರಿಯುವುದರಿಂದ ಅಲ್ಲಿ ಹೊರಗಿನ ಒತ್ತಡ ಇಳಿದು, ಬಾಗಿಲಿನ ಮೇಲಂಚು ಹೊರಕ್ಕೆ ಸೆಳೆಯಲ್ಪಡುತ್ತದೆ. ನೆಲದಲ್ಲಿ ಬಿಗಿಯಾಗಿದ್ದ ಸಂದು ಆಕಾಶದಲ್ಲಿ ಬಾಯಿಬಿಡುತ್ತದೆ. ಬೇರೊಂದು ಕಡೆ, ಒಳಗಿನ ಒತ್ತಡವು ಹೊರಗಿನದಕ್ಕಿಂತ ಕಡಿಮೆಯಿರುವೆಡೆ, ನೀರು ಮೇಲ್ಮುಖವಾಗಿಯೂ ಹತ್ತಿ ಒಳಗೆ ಬರುತ್ತದೆ. ಹೀಗಾಗಿ ಒಂದೇ ಚಿಲಕವಿರುವ ಬಾಗಿಲಿಗಿಂತ ಮೇಲೆಯೂ ಕೆಳಗೆಯೂ ಹಿಡಿಯುವ ಬಾಗಿಲು ಲೇಸು. ಗಟ್ಟಿ ರಬ್ಬರಿಗಿಂತ ಒಳಗೆ ಪೊಳ್ಳಾಗಿದ್ದು ಒತ್ತಿದರೆ ಒತ್ತಿಕೊಳ್ಳುವ ರಬ್ಬರಿನ ಪಟ್ಟಿ ಲೇಸು. ಆ ಪಟ್ಟಿಯ ಎರಡು ತುದಿಗಳ ಬೆಸುಗೆಯನ್ನು ಬಾಗಿಲಿನ ತಗ್ಗಿನಲ್ಲಿಯೇ ಇಡಬೇಕು, ಮೇಲಿಟ್ಟರೆ ಅದೇ ನೀರಿಗೆ ಬಾಗಿಲಾಗುತ್ತದೆ. ಬಾಗಿಲ ಸುತ್ತ ಕಾಗದದ ಚೂರುಗಳನ್ನಿಟ್ಟು ಮುಚ್ಚಿ ಎಳೆದುನೋಡುವುದು, ಸೀಲಿಗೆ ಸೀಮೆಸುಣ್ಣ ಬಳಿದು ದಾರವಂದದ ಮೇಲೆ ಗುರುತು ಎಲ್ಲೆಲ್ಲಿ ಬೀಳಲಿಲ್ಲವೆಂದು ನೋಡುವುದು, ಒಬ್ಬರು ಒಳಗೆ ಕುಳಿತು ಇನ್ನೊಬ್ಬರು ಮೇಲಿನಿಂದ ನೀರು ಹೊಯ್ಯುವುದು, ಇಂಥ ಪರೀಕ್ಷೆಗಳಿಗೆ ಪ್ರಯೋಗಾಲಯ ಬೇಕಿಲ್ಲ, ತಾಳ್ಮೆಯೊಂದು ಬೇಕು.

ನಕ್ಷೆಯನ್ನು ಕೊಂಡು ತಾವೇ ಕಟ್ಟಿಕೊಳ್ಳುವ ವಿಮಾನಗಳ ಪ್ರವಾಹವು 1980ರ ದಶಕದಲ್ಲಿ ಬೆಂಗಳೂರನ್ನು ಮುಟ್ಟಿತು. ಅಮೆರಿಕದ ಬರ್ಟ್ ರೂಟಾನನು ಹವ್ಯಾಸಿಗಳಿಗೆಂದು ರಚಿಸಿದ ಲಾಂಗ್-ಈಝೀ ಎಂಬ ವಿಮಾನದ ಮಾದರಿಯನ್ನು ಅನುಸರಿಸಿ ನಮ್ಮ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯವು ನಾರುಗಾಜು ಮತ್ತು ನೊರೆಯ ತಿರುಳಿನಿಂದ ಒಂದು ಹಗುರ ವಿಮಾನವನ್ನು ಕಟ್ಟಿ 1987ರಲ್ಲಿ ಹಾರಿಸಿತು. ಬಾಲದ ರೆಕ್ಕೆಯನ್ನು ಮೂಗಿಗೆ ತಂದಿಟ್ಟಂತಹ ರೂಪ. ಬಾಗಿಲಿನ ಬದಲು ಮಗ್ಗುಲಿಗೆ ಮಗುಚಿಕೊಳ್ಳುವ ಗಾಜಿನ ಮುಚ್ಚಳ. ಆ ಕುಲದ ವಿಮಾನಗಳು ಮಳೆಯಿಂದ ಒಂದು ಹೊಸ ಪಾಠವನ್ನು ಕಲಿತಿದ್ದುವು: ಮುಂದಿನ ಕಿರುರೆಕ್ಕೆಯ ಮೇಲೆ ಹನಿಗಳು ಕೂತೊಡನೆ ಅದರ ಎತ್ತುವ ಶಕ್ತಿ ಕುಂದಿ ಮೂಗು ಕೆಳಗಾಗುತ್ತಿದ್ದುದರಿಂದ, ಮಳೆಗೆ ಅಳುಕದ ಬೇರೊಂದು ಆಕೃತಿಯನ್ನು ಜಾನ್ ರಾಂಟ್ಸ್ ಎಂಬಾತನು ರೂಪಿಸಬೇಕಾಯಿತು. ನಾರುಗಾಜಿಗೆ ತುಕ್ಕಿಲ್ಲ, ಆದರೆ ತಿರುಳಿಗೆ ನೀರು ಸೇರಿದರೆ ಹೊರಬರುವ ದಾರಿಯೂ ಇಲ್ಲ. ಈ ಅನುಭವದ ಮುಂದುವರಿಕೆಯಾಗಿ ಅದೇ ಪ್ರಯೋಗಾಲಯದ ಹಂಸ ವಿಮಾನವು 1993ರ ನವೆಂಬರಿನಲ್ಲಿ ಹಾರಿತು.

ಹೊರದೇಶದ ಹವ್ಯಾಸಿಗಳ ಕೊಟ್ಟಿಗೆಗಳಿಗೆ ಬೆಂಗಳೂರಿನಿಂದಲೇ ವಿಮಾನದ ಬಿಡಿಭಾಗಗಳು ಪೆಟ್ಟಿಗೆಗಳಲ್ಲಿ ಹೋದ ಸಂಗತಿಯನ್ನು ನಮ್ಮವರು ಸಾಕಷ್ಟು ಅರಿತಿಲ್ಲ. ಜೋಯಲ್ ಕೋಷ್ಲಿನ್ ಎಂಬ ಫ್ರೆಂಚ್ ಮಹನೀಯರು ಇಲ್ಲಿ ಸ್ಥಾಪಿಸಿದ ರಾಜಹಂಸ ಅಲ್ಟ್ರಾಲೈಟ್ಸ್ ಸಂಸ್ಥೆಯು ತೂಗುರೆಕ್ಕೆಯ ಗ್ಲೈಡರುಗಳಿಂದ ಆರಂಭಿಸಿ, ಎಕ್ಸ್-ಏರ್ ಎಂಬ ಎರಡಾಸನದ ಹಗುರ ವಿಮಾನವನ್ನೂ, ಅನಂತರ ಹನುಮಾನ್ ಎಂಬ ಅದರ ತಮ್ಮನನ್ನೂ ತಯಾರಿಸಿ, ಇಂಗ್ಲೆಂಡು, ಫ್ರಾನ್ಸು, ಅಮೆರಿಕಗಳಿಗೆ ಕಳುಹಿಸಿತು. ಅಲ್ಯೂಮಿನಿಯಂ ಕೊಳವೆಯ ಹಂದರಕ್ಕೆ ಹೊಲಿದ ಬಟ್ಟೆಯನ್ನು ಅಂಗಿಯಂತೆ ತೊಡಿಸುವ ಕ್ರಮ ಅದರದು. ಬಾಗಿಲನ್ನು ಬಿಚ್ಚಿಟ್ಟು ಹಾರುವವರೂ ಉಂಟು, ಚಳಿ ಮಳೆಯ ನಾಡಿನವರು ಬಾಗಿಲನ್ನು ಬಿಗಿಯಾಗಿಸಲು ಹೆಣಗಿದುದೂ ಉಂಟು. ಲಂಕೆಗೆ ಹಾರಿದ ಹನುಮಂತನ ಹೆಸರನ್ನು ಹೊತ್ತು ಬೆಂಗಳೂರಿನಿಂದ ಹೊರಟ ಯಂತ್ರವೊಂದರ ಹೊಸ್ತಿಲಿನ ನೀರನ್ನು ಇಂಗ್ಲೆಂಡಿನ ಯಾವುದೋ ಹೊಲದ ಬದಿಯಲ್ಲಿ ಒಬ್ಬಾತನು ಬಟ್ಟೆಯಿಂದ ಒರಸುತ್ತಿರುವ ಚಿತ್ರವು ನನ್ನ ಮನಸ್ಸಿಗೆ ಬಹಳ ಪ್ರಿಯವಾದುದು.

ಮಳೆಯಿಲ್ಲದ ಕಾಲದಲ್ಲಿಯೂ ಯಲಹಂಕದ ಸುತ್ತಿನಲ್ಲಿ ಬಿಡುವಿಲ್ಲ. ಡಿಸೆಂಬರ್ ಜನವರಿಗಳ ಮುಂಜಾನೆ ಈ ಬಯಲಿನ ಮೇಲೆ ಕವಿಯುವ ಮಂಜು ಪ್ರಸಿದ್ಧವಾದುದೇ. ರಾತ್ರಿ ತಣ್ಣಗಾದ ತಗಡಿನ ಒಳಮೈಯಲ್ಲಿಯೂ ಇಬ್ಬನಿ ಕಟ್ಟಿ, ಹೊರಗೆ ಒಂದು ಹನಿ ಬೀಳದಿದ್ದರೂ ಬಾಗಿಲಿನ ಪದರದೊಳಗೆ ನೀರು ಇಳಿಯುತ್ತದೆ. ಅತಿ ಬಿಗಿಯಾಗಿ ಮುಚ್ಚಿದ ವಿಮಾನವೇ ಇಂಥ ದಿನಗಳಲ್ಲಿ ಹೆಚ್ಚು ನೆನೆಯುತ್ತದೆ. ಉಕ್ಕಿನ ಬಿಜಾಗರಿಯು ಅಲ್ಯೂಮಿನಿಯಂ ಚೌಕಟ್ಟನ್ನು ಮುಟ್ಟುವೆಡೆ, ಈ ತೇವವು ನಡುವೆ ನಿಂತು, ಎರಡು ಲೋಹಗಳ ವೈರದಲ್ಲಿ ಅಲ್ಯೂಮಿನಿಯಮ್ಮನ್ನು ಬಿಳಿಯ ಪುಡಿಯಾಗಿಸುತ್ತದೆ.

ಈ ಚರಿತ್ರೆಯ ಬಹುಭಾಗವು ಯಾವ ಗ್ರಂಥದಲ್ಲಿಯೂ ಇಲ್ಲ; ಅದು ಕಾರ್ಖಾನೆಯಲ್ಲಿ ಮತ್ತು ಹ್ಯಾಂಗರುಗಳಲ್ಲಿ ದುಡಿದು ನಿವೃತ್ತರಾದವರ ಕೈಗಳಲ್ಲಿದೆ. ಪುಷ್ಪಕದ ಬಟ್ಟೆ ಹೊಲಿದವರು, ವ್ಯಾಂಪೈರಿನ ಮರಕ್ಕೆ ಅಂಟು ಬಳಿದವರು, ಜಕ್ಕೂರಿನಲ್ಲಿ ಮಳೆಗಾಲದುದ್ದಕ್ಕೂ ತೂತುಗಳಿಗೆ ಕಡ್ಡಿ ಹಾಕಿ ಕೊಳೆ ತೆಗೆದವರು, ಇವರ ಮನೆಗಳು ಈ ಊರಿನಲ್ಲಿಯೇ ಇವೆ. ನಿಮ್ಮ ಮನೆಯ ಅಜ್ಜನೋ ಚಿಕ್ಕಪ್ಪನೋ ಅಂಥವರಲ್ಲೊಬ್ಬರಾಗಿದ್ದರೆ, ಒಂದು ಮಳೆಯ ಸಂಜೆ ಅವರ ಬಳಿ ಕುಳಿತು, ಬಾಗಿಲಿನ ನೀರನ್ನು ಅವರು ಎಲ್ಲಿಂದ ಇಳಿಸುತ್ತಿದ್ದರೆಂದು ಕೇಳಿ, ಅವರು ಹೇಳುವ ಮಾತಿನಲ್ಲಿಯೇ ಬರೆದಿಡಿ.